ಬೂದಿಯಿಂದ ಅರಮನೆಗೆ, ಮತ್ತೊಮ್ಮೆ: 2015ರ ‘ಸಿಂಡ್ರೆಲಾ’ ಚಿತ್ರ ಮತ್ತು ಅದರ ಹಿಂದಿನ ಕಥೆಗಳು

‘ಸಿಂಡ್ರೆಲಾ’ ಡಿಸ್ನಿ ಸಂಸ್ಥೆ 2015ರಲ್ಲಿ ಹೊರತಂದ ಇಂಗ್ಲಿಷ್ ಚಲನಚಿತ್ರ. ನಿರ್ದೇಶನ ಕೆನೆತ್ ಬ್ರಾನಾ ಅವರದು, ಚಿತ್ರಕಥೆ ಕ್ರಿಸ್ ವೈಟ್ಸ್ ಅವರದು. ಅದೇ ಸಂಸ್ಥೆ 1950ರಲ್ಲಿ ತೆರೆಗೆ ತಂದಿದ್ದ ಕಾರ್ಟೂನ್ ಚಿತ್ರವನ್ನು ಇದು ನಟನಟಿಯರ ಮೂಲಕ ಮತ್ತೆ ಹೇಳುತ್ತದೆ. ಇಂಥ ಚಿತ್ರಗಳಿಗೆ ‘ಲೈವ್ ಆ್ಯಕ್ಷನ್ ರಿಮೇಕ್’ ಎಂಬ ಹೆಸರು ಚಾಲ್ತಿಯಲ್ಲಿದೆ.

ಮಲತಾಯಿಯ ಕಾಟ, ಕುಂಬಳಕಾಯಿಯ ಸಾರೋಟು, ನಡುರಾತ್ರಿಯ ಗಂಟೆ, ಮೆಟ್ಟಿಲ ಮೇಲೆ ಉಳಿದುಹೋಗುವ ಗಾಜಿನ ಪಾದರಕ್ಷೆ ಎಲ್ಲವೂ ನೋಡುಗರಿಗೆ ಮೊದಲೇ ಗೊತ್ತು. ಮುಂದೇನಾಗುತ್ತದೆ ಎಂಬ ಕುತೂಹಲ ಇಲ್ಲದಿದ್ದಾಗ ಗಮನ ಬೇರೆ ಕಡೆ ಹರಿಯುತ್ತದೆ. ಈ ಸಲ ಏನನ್ನು ಉಳಿಸಿಕೊಂಡಿದ್ದಾರೆ, ಏನನ್ನು ಬಿಟ್ಟಿದ್ದಾರೆ, ಯಾವುದಕ್ಕೆ ಹೊಸದಾಗಿ ಕಾರಣ ಕೊಟ್ಟಿದ್ದಾರೆ? ಹೀಗೆ ಕೇಳಿಕೊಂಡು ನೋಡಿದರೆ, ಸಾವಿರ ವರ್ಷಕ್ಕೂ ಹಳೆಯ ಕಥೆಯೊಂದನ್ನು ಹೇಳುವ ಸರದಿ ಈಗ ಇನ್ನೊಬ್ಬರ ಕೈಗೆ ಬಂದಿರುವುದು ಕಾಣುತ್ತದೆ.

ಕಥೆಯ ಹಳೆಯ ರೂಪಗಳು

ಸಿಂಡ್ರೆಲಾ ಕಥೆಗೆ ಒಬ್ಬ ಕರ್ತೃ ಇಲ್ಲ, ಒಂದು ಊರೂ ಇಲ್ಲ. ಗ್ರೀಕ್ ಭೂಗೋಳಕಾರ ಸ್ಟ್ರಾಬೋ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೊಡೋಪಿಸ್ ಎಂಬ ಹೆಣ್ಣಿನ ಕಥೆಯನ್ನು ಬರೆದಿಟ್ಟಿದ್ದಾನೆ. ಅವಳು ಸ್ನಾನ ಮಾಡುತ್ತಿದ್ದಾಗ ಹದ್ದೊಂದು ಅವಳ ಪಾದರಕ್ಷೆಯನ್ನು ಎತ್ತಿಕೊಂಡು ಹೋಗಿ ಈಜಿಪ್ಟಿನ ಮೆಂಫಿಸ್ ನಗರದಲ್ಲಿ ಕುಳಿತಿದ್ದ ರಾಜನ ಮಡಿಲಿಗೆ ಹಾಕುತ್ತದೆ. ರಾಜ ಅದರ ಒಡತಿಯನ್ನು ಹುಡುಕಿಸಿ ಮದುವೆಯಾಗುತ್ತಾನೆ.

ಚೀನಾದಲ್ಲಿ 9ನೇ ಶತಮಾನದ ಡುವಾನ್ ಚೆಂಗ್‌ಷಿ ಬರೆದಿಟ್ಟ ಯೆ ಷಿಯನ್ ಕಥೆ ನಮಗೆ ಗೊತ್ತಿರುವ ರೂಪಕ್ಕೆ ಇನ್ನೂ ಹತ್ತಿರದ್ದು. ತಬ್ಬಲಿ ಹುಡುಗಿ ಸಾಕಿದ ಮೀನನ್ನು ಮಲತಾಯಿ ಕೊಲ್ಲುತ್ತಾಳೆ. ಹುಡುಗಿ ಬಚ್ಚಿಟ್ಟುಕೊಂಡ ಆ ಮೀನಿನ ಮೂಳೆಗಳೇ ಅವಳು ಬೇಡಿದ್ದನ್ನು ಕೊಡುತ್ತವೆ. ಹಬ್ಬದಿಂದ ಓಡಿ ಬರುವಾಗ ಅವಳ ಚಿನ್ನದ ಪಾದರಕ್ಷೆಯೊಂದು ಕಳೆದುಹೋಗಿ, ಕೈಯಿಂದ ಕೈಗೆ ದಾಟಿ, ರಾಜನೊಬ್ಬನನ್ನು ತಲುಪುತ್ತದೆ.

ಯೂರೋಪಿನಲ್ಲಿ ನೇಪಲ್ಸ್‌ನ ಜಾಂಬಟಿಸ್ಟ ಬಾಸಿಲೆ ಬರೆದ ರೂಪ 1630ರ ದಶಕದಲ್ಲಿ ಅಚ್ಚಾಯಿತು. ಅದರ ನಾಯಕಿ ಜೆಜೊಲ್ಲಾ ಸಾಧುಸ್ವಭಾವದವಳಲ್ಲ, ಮೊದಲ ಮಲತಾಯಿಯನ್ನು ಪೆಟ್ಟಿಗೆಯ ಮುಚ್ಚಳ ಬೀಳಿಸಿ ಕೊಂದವಳು. ಸಿಂಡ್ರೆಲಾ ಎಂದರೆ ಎಲ್ಲವನ್ನೂ ಸಹಿಸುವ ಹುಡುಗಿ ಎಂಬ ನಮ್ಮ ಕಲ್ಪನೆ ಅವಳಿಗೆ ಸ್ವಲ್ಪವೂ ಹೊಂದುವುದಿಲ್ಲ.

ಇಂಥ ಕಥೆಗಳನ್ನು ಮೊದಲು ವ್ಯವಸ್ಥಿತವಾಗಿ ಒಟ್ಟುಹಾಕಿದವರು ಇಂಗ್ಲೆಂಡಿನ ಜಾನಪದ ವಿದ್ವಾಂಸೆ ಮೇರಿಯನ್ ರೋಲ್ಫ್ ಕಾಕ್ಸ್. 1893ರ ಅವರ ಪುಸ್ತಕದಲ್ಲಿ 345 ಪಾಠಾಂತರಗಳಿವೆ. ಜಾನಪದ ವಿದ್ವಾಂಸರು ಇಂದು ಬಳಸುವ ಆರ್ನೆ–ಥಾಂಪ್ಸನ್–ಉಥರ್ ವರ್ಗಸೂಚಿಯಲ್ಲಿ ಸಿಂಡ್ರೆಲಾಳ ಸಂಖ್ಯೆ 510ಎ.

ಪೆರೊನ ಕ್ಷಮೆ, ಗ್ರಿಮ್ ಸಹೋದರರ ಶಿಕ್ಷೆ

ಸಿನಿಮಾಗಳ ಮೇಲೆ ಹೆಚ್ಚು ಪ್ರಭಾವ ಬೀರಿದ್ದು ಎರಡು ಬರಹ ರೂಪಗಳು. ಒಂದು, ಫ್ರಾನ್ಸಿನ ಶಾರ್ಲ್ ಪೆರೊ 1697ರಲ್ಲಿ ಪ್ರಕಟಿಸಿದ್ದು. ನೆರವಿಗೆ ಬರುವ ಕಿನ್ನರಿ, ಕುಂಬಳಕಾಯಿಯ ಸಾರೋಟು, ಕುದುರೆಗಳಾಗುವ ಇಲಿಗಳು, ಸೇವಕರಾಗುವ ಓತಿಕ್ಯಾತಗಳು, ನಡುರಾತ್ರಿಯ ಗಡುವು, ಗಾಜಿನ ಪಾದರಕ್ಷೆ ಎಲ್ಲವೂ ಅದರಲ್ಲಿವೆ. ಪೆರೊನ ನಾಯಕಿ ಕೊನೆಗೆ ಅಕ್ಕಂದಿರನ್ನು ಕ್ಷಮಿಸುತ್ತಾಳೆ. ಅಷ್ಟೇ ಅಲ್ಲ, ಆಸ್ಥಾನದ ಇಬ್ಬರು ಗಣ್ಯರಿಗೆ ಅವರನ್ನು ಮದುವೆ ಮಾಡಿಕೊಡುತ್ತಾಳೆ.

ಇನ್ನೊಂದು, ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಪ್ರಕಟಿಸಿ, 1819ರ ಎರಡನೇ ಆವೃತ್ತಿಯಲ್ಲಿ ತಿದ್ದಿ ಬೆಳೆಸಿದ ಪಾಠ. ಇದರಲ್ಲಿ ಕಿನ್ನರಿಯೂ ಇಲ್ಲ, ಕುಂಬಳಕಾಯಿಯೂ ಇಲ್ಲ. ಊರಿಗೆ ಹೊರಟ ತಂದೆಯನ್ನು ಮಗಳು ಕೇಳುವುದು, ದಾರಿಯಲ್ಲಿ ಅವನ ಟೋಪಿಗೆ ಮೊದಲು ತಾಗುವ ಕೊಂಬೆಯೊಂದನ್ನು ಮಾತ್ರ. ಆ ಕೊಂಬೆಯನ್ನು ಅವಳು ತಾಯಿಯ ಸಮಾಧಿಯ ಮೇಲೆ ನೆಟ್ಟು ಕಣ್ಣೀರೆರೆದು ಬೆಳೆಸುತ್ತಾಳೆ. ಆ ಮರ, ಅದರ ಮೇಲೆ ಬಂದು ಕೂರುವ ಹಕ್ಕಿ ಅವಳಿಗೆ ಉಡುಪು ಕೊಡುತ್ತವೆ. ಪಾದರಕ್ಷೆ ಹಿಡಿಯಲೆಂದು ಅಕ್ಕಂದಿರಲ್ಲಿ ಒಬ್ಬಳು ಬೆರಳನ್ನೂ ಇನ್ನೊಬ್ಬಳು ಹಿಮ್ಮಡಿಯನ್ನೂ ಕತ್ತರಿಸಿಕೊಳ್ಳುತ್ತಾರೆ. ಮದುವೆಯ ದಿನ ಪಾರಿವಾಳಗಳು ಅವರ ಕಣ್ಣುಗಳನ್ನು ಕುಕ್ಕಿ ಕೀಳುವ ಪ್ರಸಂಗವೂ ಆ ಎರಡನೇ ಆವೃತ್ತಿಯಲ್ಲೇ ಸೇರಿತು.

ಕೆಟ್ಟದ್ದು ಮಾಡಿದವರನ್ನು ಕ್ಷಮಿಸಬೇಕೋ ದಂಡಿಸಬೇಕೋ ಎಂಬಲ್ಲಿ ಎರಡೂ ಪಾಠಗಳು ಬೇರೆಯಾಗುತ್ತವೆ. ಮುಂದೆ ಈ ಕಥೆಯನ್ನು ಎತ್ತಿಕೊಂಡ ಪ್ರತಿಯೊಬ್ಬರೂ ಈ ಪ್ರಶ್ನೆಗೆ ತಮ್ಮದೇ ಉತ್ತರ ಕೊಡಬೇಕಾಯಿತು.

ಕಾರ್ಟೂನಿಗೆ ಮೊದಲೂ ನಂತರವೂ

ಸಿನಿಮಾ ಹುಟ್ಟಿದ ಹೊಸದರಲ್ಲೇ ಸಿಂಡ್ರೆಲಾ ತೆರೆಗೆ ಬಂದಳು. ಫ್ರಾನ್ಸಿನ ಜಾರ್ಜ್ ಮೆಲಿಯೆ 1899ರಲ್ಲೇ ಕೆಲವು ನಿಮಿಷಗಳ ಚಿತ್ರವೊಂದನ್ನು ಮಾಡಿದ್ದ. ರಂಗದ ಮೇಲೆ ಇಂದ್ರಜಾಲ ತೋರಿಸುತ್ತಿದ್ದ ಅವನಿಗೆ, ಇಲಿ ಸೇವಕನಾಗುವ ಕಥೆ ಕ್ಯಾಮೆರಾದ ಕೈಚಳಕ ತೋರಲು ಒದಗಿಬಂದಿತ್ತು. 1914ರಲ್ಲಿ ಮೇರಿ ಪಿಕ್‌ಫೋರ್ಡ್ ಮೂಕಿ ಚಿತ್ರದಲ್ಲಿ ಸಿಂಡ್ರೆಲಾ ಆದರು. 1957ರಲ್ಲಿ ಜೂಲಿ ಆಂಡ್ರೂಸ್ ಅಭಿನಯದ ಸಂಗೀತ ರೂಪಕ ಅಮೆರಿಕದ ಟೀವಿಯಲ್ಲಿ ನೇರವಾಗಿ ಪ್ರಸಾರವಾದಾಗ ಹತ್ತು ಕೋಟಿಗೂ ಹೆಚ್ಚು ಮಂದಿ ನೋಡಿದರು. ಅದೇ ರೂಪಕದ 1997ರ ಆವೃತ್ತಿಯಲ್ಲಿ ಕಪ್ಪು ಗಾಯಕಿ ಬ್ರ್ಯಾಂಡಿ ಸಿಂಡ್ರೆಲಾ ಆದರೆ ವಿಟ್ನಿ ಹ್ಯೂಸ್ಟನ್ ಕಿನ್ನರಿಯಾದರು.

ಜೆಕೊಸ್ಲೊವಾಕಿಯಾ ಮತ್ತು ಪೂರ್ವ ಜರ್ಮನಿ ಸೇರಿ 1973ರಲ್ಲಿ ತಯಾರಿಸಿದ ‘ಸಿಂಡ್ರೆಲಾಳಿಗೆ ಮೂರು ಕಾಯಿಗಳು’ ಚಿತ್ರ ವಿಶೇಷವಾಗಿ ಹೆಸರಿಸಬೇಕಾದದ್ದು. ವಾಟ್ಸ್ಲಾವ್ ವೊರ್ಲಿಚೆಕ್ ನಿರ್ದೇಶಿಸಿದ ಈ ಚಿತ್ರದ ನಾಯಕಿ ಹಿಮದಲ್ಲಿ ಕುದುರೆ ಓಡಿಸುತ್ತಾಳೆ, ಬಿಲ್ಲು ಹಿಡಿದು ಗುರಿಯಿಡುತ್ತಾಳೆ, ರಾಜಕುಮಾರನನ್ನು ಛೇಡಿಸುತ್ತಾಳೆ. ಜೆಕ್ ನಾಡು, ಜರ್ಮನಿ, ನಾರ್ವೆಗಳಲ್ಲಿ ಪ್ರತಿ ಕ್ರಿಸ್‌ಮಸ್‌ಗೆ ಮನೆಮಂದಿಯೆಲ್ಲ ಕೂತು ಇದನ್ನು ಟೀವಿಯಲ್ಲಿ ನೋಡುವ ರೂಢಿ ಬೆಳೆದಿದೆ. 1998ರ ‘ಎವರ್ ಆಫ್ಟರ್’ ಮಾಯಾಮಂತ್ರವನ್ನು ಪೂರ್ತಿ ಕೈಬಿಟ್ಟು, ಕಿನ್ನರಿಯ ಕೆಲಸವನ್ನು ಚಿತ್ರಕಾರ ಲಿಯೊನಾರ್ಡೊ ಡ ವಿಂಚಿಗೆ ವಹಿಸಿತು.

1950ರ ಡಿಸ್ನಿ ಚಿತ್ರ

ಇಷ್ಟೆಲ್ಲ ರೂಪಗಳಿದ್ದರೂ ಜಗತ್ತಿನ ಬಹುಪಾಲು ಮಕ್ಕಳ ಕಣ್ಣಿಗೆ ಕಟ್ಟಿರುವುದು 1950ರ ಕಾರ್ಟೂನ್ ಸಿಂಡ್ರೆಲಾ. ಎರಡನೇ ಮಹಾಯುದ್ಧ ಮುಗಿದಾಗ ಡಿಸ್ನಿ ಸ್ಟುಡಿಯೊ 40 ಲಕ್ಷ ಡಾಲರ್‌ಗೂ ಹೆಚ್ಚಿನ ಸಾಲದಲ್ಲಿತ್ತು. ಈ ಚಿತ್ರದ ಗೆಲುವು ಸಂಸ್ಥೆಯನ್ನು ಮತ್ತೆ ನಿಲ್ಲಿಸಿತು. ಜಾಕ್, ಗಸ್ ಎಂಬ ಇಲಿಗಳು, ಲೂಸಿಫರ್ ಎಂಬ ಬೆಕ್ಕು ಇದರ ಸೃಷ್ಟಿ.

ಖರ್ಚು ಉಳಿಸಲೆಂದು ಈ ಚಿತ್ರದ ಬಹುಭಾಗವನ್ನು ಮೊದಲು ನಿಜವಾದ ನಟರಿಂದ ಆಡಿಸಿ ಚಿತ್ರೀಕರಿಸಿಕೊಂಡಿದ್ದರು. ಸಿಂಡ್ರೆಲಾಳಾಗಿ ನಡೆದು, ತಿರುಗಿ, ಕುಣಿದು ತೋರಿಸಿದ್ದು ಹೆಲೀನ್ ಸ್ಟ್ಯಾನ್ಲಿ. ಧ್ವನಿ ಐಲೀನ್ ವುಡ್ಸ್ ಅವರದು. ಚಿತ್ರಕಾರರು ಆ ದೃಶ್ಯಗಳನ್ನು ಮುಂದಿಟ್ಟುಕೊಂಡು ರೇಖೆಗಳನ್ನು ಬರೆದರು. 65 ವರ್ಷಗಳ ನಂತರ ಜೀವಂತ ನಟಿಯೊಬ್ಬಳು ಆ ಪಾತ್ರಕ್ಕೆ ಬಂದಳು ಎನ್ನುವಾಗ, ರೇಖೆಗಳ ಹಿಂದೆ ಮೊದಲಿಂದಲೂ ಒಬ್ಬ ನಟಿಯಿದ್ದಳು ಎಂಬುದನ್ನೂ ನೆನೆಯಬೇಕು.

2015ರ ಚಿತ್ರ ರೂಪುಗೊಂಡ ಬಗೆ

ಟಿಮ್ ಬರ್ಟನ್ ನಿರ್ದೇಶನದ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ 2010ರಲ್ಲಿ ನೂರು ಕೋಟಿ ಡಾಲರ್ ದಾಟಿದ ಮೇಲೆ ಡಿಸ್ನಿ ತನ್ನ ಹಳೆಯ ಕಾರ್ಟೂನ್‌ಗಳನ್ನು ಒಂದೊಂದಾಗಿ ಮರಳಿ ಕೈಗೆತ್ತಿಕೊಂಡಿತು. 2014ರ ‘ಮೆಲೆಫಿಸೆಂಟ್’ ಮಲಗಿದ ಸುಂದರಿಯ ಕಥೆಯನ್ನು ಖಳನಾಯಕಿಯ ಕಡೆಯಿಂದ ಹೇಳಿತ್ತು. ‘ಸಿಂಡ್ರೆಲಾ’ಕ್ಕೆ ಮೊದಲು ಗೊತ್ತಾಗಿದ್ದ ನಿರ್ದೇಶಕ ಮಾರ್ಕ್ ರೊಮಾನೆಕ್ ಹೊರಹೋದ ಮೇಲೆ ಶೇಕ್ಸ್‌ಪಿಯರ್ ನಾಟಕಗಳನ್ನು ತೆರೆಗೆ ತಂದು ಹೆಸರಾದ ಬ್ರಾನಾ ಬಂದರು. ಅವರು ಕಥೆಯನ್ನು ತಿರುಗುಮುರುಗು ಮಾಡಲಿಲ್ಲ, ಆಧುನಿಕ ವೇಷ ತೊಡಿಸಲಿಲ್ಲ. ಹಳೆಯ ಕಥೆಯನ್ನು ನೇರವಾಗಿ, ನಂಬಿಕೆಯಿಟ್ಟು ಹೇಳುವ ದಾರಿ ಹಿಡಿದರು.

ಎಲ್ಲಾ ಎಂಬ ಹೆಸರಿನ ಸಿಂಡ್ರೆಲಾ ಆಗಿ ಲಿಲಿ ಜೇಮ್ಸ್, ಮಲತಾಯಿ ಲೇಡಿ ಟ್ರೆಮೇನ್ ಆಗಿ ಕೇಟ್ ಬ್ಲ್ಯಾಂಚೆಟ್, ರಾಜಕುಮಾರ ಕಿಟ್ ಆಗಿ ರಿಚರ್ಡ್ ಮ್ಯಾಡನ್, ಕಿನ್ನರಿಯಾಗಿ ಹೆಲೆನಾ ಬಾನಮ್ ಕಾರ್ಟರ್, ಮುದಿ ರಾಜನಾಗಿ ಡೆರೆಕ್ ಜಾಕೋಬಿ ನಟಿಸಿದರು. ಒಳಾಂಗಣ ಚಿತ್ರೀಕರಣ ಲಂಡನ್ ಸಮೀಪದ ಪೈನ್‌ವುಡ್ ಸ್ಟುಡಿಯೊದಲ್ಲಿ ನಡೆಯಿತು. ಕಲಾ ನಿರ್ದೇಶಕ ಡಾಂಟೆ ಫೆರೆಟ್ಟಿ ಅರಮನೆಯ ನೃತ್ಯಮಂದಿರವನ್ನು ಅಲ್ಲಿ ನಿಜವಾಗಿಯೂ ಕಟ್ಟಿಸಿದರು. ತೂಗುದೀಪಗಳಲ್ಲಿದ್ದ ಸಾವಿರಾರು ದೀಪಗಳನ್ನು ಕೈಯಿಂದ ಹೊತ್ತಿಸಲಾಗಿತ್ತು. ಛಾಯಾಗ್ರಾಹಕ ಹ್ಯಾರಿಸ್ ಝಾಂಬರ್ಲೂಕೋಸ್ 35 ಮಿ.ಮೀ. ಫಿಲಂ ಮೇಲೆ ಚಿತ್ರಿಸಿದ್ದರಿಂದ ಆ ದೀಪಗಳ ಹೊಂಬಣ್ಣ ತೆರೆಯ ಮೇಲೆ ಮೃದುವಾಗಿ ಮೂಡಿದೆ.

ಏನು ಬದಲಾಯಿತು, ಏಕೆ

ಕಾರ್ಟೂನ್ ಪಾತ್ರ ಕಾರಣ ಕೊಡದೆಯೂ ನಡೆದುಬಿಡುತ್ತದೆ. ಮಲತಾಯಿ ಕೆಟ್ಟವಳು ಎಂದರೆ ಕೆಟ್ಟವಳು, ರಾಜಕುಮಾರ ಒಂದೇ ನೋಟಕ್ಕೆ ಸೋತ ಎಂದರೆ ಸೋತ. ಮನುಷ್ಯರ ಮುಖ ತೆರೆಯ ತುಂಬ ಕಂಡಾಗ ನೋಡುಗರ ಮನಸ್ಸು ಸುಮ್ಮನಿರುವುದಿಲ್ಲ: ಇವಳು ಯಾಕೆ ಹೀಗೆ? ಅವಳು ಯಾಕೆ ಮನೆ ಬಿಟ್ಟು ಹೋಗುವುದಿಲ್ಲ? 2015ರ ಚಿತ್ರದ ಮುಖ್ಯ ಬದಲಾವಣೆಗಳೆಲ್ಲ ಈ ‘ಯಾಕೆ’ಗಳಿಗೆ ಕೊಟ್ಟ ಉತ್ತರಗಳು.

ತಾಯಿ: ಹಳೆಯ ಕಾರ್ಟೂನಿನಲ್ಲಿ ಹೆತ್ತ ತಾಯಿ ಕಥೆ ಶುರುವಾಗುವ ಹೊತ್ತಿಗೇ ಇಲ್ಲ. ಇಲ್ಲಿ ಅವಳೊಡನೆ ಕಳೆದ ಬಾಲ್ಯವಿದೆ. ಧೈರ್ಯವನ್ನೂ ದಯೆಯನ್ನೂ ಬಿಡಬೇಡ ಎಂದು ಸಾಯುವ ಮುಂಚೆ ತಾಯಿ ಮಗಳಿಂದ ಮಾತು ತೆಗೆದುಕೊಳ್ಳುತ್ತಾಳೆ. ಎಲ್ಲಾಳ ಸಹನೆ ಕೊಟ್ಟ ಮಾತಿಗೆ ನಿಲ್ಲುವ ನಿಷ್ಠೆಯಾಗುತ್ತದೆ. ಅಪ್ಪ–ಅಮ್ಮ ಬಾಳಿದ ಮನೆಯನ್ನು ಬಿಡಲಾರದಿರುವುದೂ ಅವಳು ಅಲ್ಲೇ ಉಳಿಯಲು ಕಾರಣ.

ಮಲತಾಯಿ: ಲೇಡಿ ಟ್ರೆಮೇನ್ ಪ್ರೀತಿಸಿ ಮದುವೆಯಾಗಿ ಗಂಡನನ್ನು ಕಳೆದುಕೊಂಡವಳು, ಹೆಣ್ಣುಮಕ್ಕಳ ಬದುಕಿಗಾಗಿ ಎರಡನೇ ಮದುವೆಯಾದವಳು. ಈ ಗಂಡ ಇನ್ನೂ ಮೊದಲ ಹೆಂಡತಿಯನ್ನೇ ನೆನೆಯುತ್ತಿದ್ದಾನೆ ಎಂಬುದು ಅವಳ ಕಿವಿಗೆ ಬೀಳುತ್ತದೆ. ಬ್ಲ್ಯಾಂಚೆಟ್ ಆ ಕ್ಷಣದ ನೋವನ್ನು ಮಾತಿಲ್ಲದೆ ಮುಖದಲ್ಲಿ ತರುತ್ತಾರೆ. ಅವಳ ಕ್ರೌರ್ಯಕ್ಕೆ ಚಿತ್ರ ಮೂಲವನ್ನು ತೋರಿಸುತ್ತದೆ, ಮಾಫಿ ಕೊಡುವುದಿಲ್ಲ. ಅವಳೂ ಎಲ್ಲಾಳೂ ದುಃಖ ಉಂಡವರೇ. ಆ ದುಃಖ ಒಬ್ಬಳನ್ನು ಗಡುಸಾಗಿಸಿತು, ಇನ್ನೊಬ್ಬಳನ್ನು ಗಡುಸಾಗಿಸಲಿಲ್ಲ.

ರಾಜಕುಮಾರ: ಎಲ್ಲಾ ಮತ್ತು ಕಿಟ್ ನೃತ್ಯಕೂಟಕ್ಕೆ ಮೊದಲೇ ಕಾಡಿನಲ್ಲಿ ಭೇಟಿಯಾಗುತ್ತಾರೆ. ಬೇಟೆಯವರು ಅಟ್ಟಿಬಂದ ಜಿಂಕೆಯನ್ನು ಬಿಟ್ಟುಬಿಡುವಂತೆ ಅವಳು ಅವನನ್ನು ಕೇಳುತ್ತಾಳೆ. ಅವನು ತಾನು ಯಾರೆಂದು ಹೇಳುವುದಿಲ್ಲ, ಅವಳೂ ಹೆಸರು ಹೇಳುವುದಿಲ್ಲ. ಹೀಗಾಗಿ ಅವನ ಮನಸ್ಸು ಹೋದದ್ದು ಉಡುಪಿನ ಬೆಡಗಿಗೆ ಎಂಬ ಹಳೆಯ ಆಕ್ಷೇಪಕ್ಕೆ ಜಾಗವಿಲ್ಲ. ರಾಜಕೀಯ ಲಾಭದ ಮದುವೆಗೆ ಒತ್ತಾಯಿಸುವ ಗ್ರ್ಯಾಂಡ್ ಡ್ಯೂಕ್, ಸಾವಿನಂಚಿನಲ್ಲಿ ಮಗನ ಮನಸ್ಸನ್ನು ಒಪ್ಪುವ ರಾಜ, ಇವರಿಂದ ಕಿಟ್‌ಗೂ ತನ್ನದೇ ಆದ ಕಥೆ ದಕ್ಕಿದೆ.

ಪ್ರಾಣಿಗಳು, ಹಾಡುಗಳು: ಇಲಿಗಳು ಇಲ್ಲಿ ಮನುಷ್ಯರಂತೆ ಮಾತಾಡುವುದಿಲ್ಲ. ಪಾತ್ರಗಳು ಕಥೆಯ ನಡುವೆ ಕಾರ್ಟೂನಿನ ಹಾಡುಗಳನ್ನು ಹಾಡುವುದೂ ಇಲ್ಲ, ಅವು ಕೊನೆಯ ಹೆಸರುಪಟ್ಟಿಯೊಡನೆ ಬರುತ್ತವೆ. ಅಟ್ಟದಲ್ಲಿ ಬಂದಿಯಾದ ಎಲ್ಲಾಳನ್ನು ಹೊರಗಿನವರಿಗೆ ತೋರಿಸಿಕೊಡುವುದು ಅವಳು ಹಾಡಿಕೊಳ್ಳುವ ಇಂಗ್ಲೆಂಡಿನ ಹಳೆಯ ಜನಪದ ಹಾಡು.

ಹಳೆಯ ಪಾಠಗಳಿಗೆ ಮರಳಿಕೆ: ಸೇವಕರಾಗುವ ಓತಿಕ್ಯಾತಗಳನ್ನು 1950ರ ಚಿತ್ರ ಬಿಟ್ಟಿತ್ತು, 2015ರಲ್ಲಿ ಅವು ಪೆರೊನಿಂದ ನೇರವಾಗಿ ಬಂದಿವೆ. ಪಯಣಕ್ಕೆ ಹೊರಟ ಅಪ್ಪನನ್ನು ಎಲ್ಲಾ ಒಂದು ಕೊಂಬೆ ತರಲು ಕೇಳುವುದು ಗ್ರಿಮ್ ಪಾಠದ ನೆನಪು. ಅಪ್ಪನ ಸಾವಿನ ಸುದ್ದಿ ತಂದವನ ಕೈಯಲ್ಲಿ ಆ ಕೊಂಬೆಯಿರುವುದು ಚಿತ್ರದ ಅತ್ಯಂತ ಮನಕಲಕುವ ಗಳಿಗೆ.

ಕೊನೆಯ ತೀರ್ಪು: ಮನೆ ಬಿಟ್ಟು ಹೊರಡುವಾಗ ಮಲತಾಯಿಯತ್ತ ತಿರುಗಿದ ಎಲ್ಲಾ, ಕ್ಷಮಿಸಿದೆ ಎನ್ನುತ್ತಾಳೆ. ಗ್ರಿಮ್ ಸಹೋದರರ ಶಿಕ್ಷೆಗೂ ಪೆರೊನ ಕ್ಷಮೆಗೂ ನಡುವೆ ಬ್ರಾನಾ ಆರಿಸಿಕೊಂಡದ್ದು ಪೆರೊನ ದಾರಿ. ಆದರೆ ಇಲ್ಲಿ ಮಲತಾಯಿಗೆ ಅವಳು ಅರಮನೆಯಲ್ಲಿ ಜಾಗ ಕೊಡುವುದಿಲ್ಲ. ಕ್ಷಮಿಸಿದ ಮಾತ್ರಕ್ಕೆ ಮತ್ತೆ ಹಿಂಸೆಗೆ ತಲೆಯೊಡ್ಡಬೇಕಿಲ್ಲ ಎಂಬ ನಿಲುವು ಈ ಕಾಲದ್ದು.

ಉಡುಪು ಮತ್ತು ಪಾದರಕ್ಷೆ

ವಸ್ತ್ರವಿನ್ಯಾಸಕಿ ಸ್ಯಾಂಡಿ ಪೊವೆಲ್ ಅವರ ಕೆಲಸ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. ನೃತ್ಯಕೂಟದ ನೀಲಿ ಗೌನಿಗೆ ಹನ್ನೆರಡಕ್ಕೂ ಹೆಚ್ಚು ತೆಳು ಬಟ್ಟೆಯ ಪದರಗಳು, ಅದರ ಮೇಲೆ ಹತ್ತು ಸಾವಿರಕ್ಕೂ ಹೆಚ್ಚು ಪುಟ್ಟ ಹರಳುಗಳು. ಬೇರೆ ಬೇರೆ ಛಾಯೆಯ ಪದರಗಳು ಒಂದರ ಮೇಲೊಂದು ಬರುವುದರಿಂದ ಎಲ್ಲಾ ತಿರುಗಿದಂತೆಲ್ಲ ಬಣ್ಣ ಅಲೆಯಾಗಿ ಚಲಿಸುತ್ತದೆ. ಮಲತಾಯಿಯ ಉಡುಪುಗಳಿಗೆ 1940ರ ದಶಕದ ಹಾಲಿವುಡ್ ತಾರೆಯರ ಠೀವಿ, ಹಸಿರಿನ ತೀಕ್ಷ್ಣತೆ. ಅವಳ ಮಕ್ಕಳಿಬ್ಬರಿಗೆ ಒಂದೇ ಮಾದರಿಯ, ಕಣ್ಣಿಗೆ ರಾಚುವ ಬಣ್ಣಗಳ ಉಡುಪು.

ಗಾಜಿನ ಪಾದರಕ್ಷೆಯನ್ನು ಸ್ವರೋವ್ಸ್ಕಿ ಕಂಪನಿ ಹರಳಿನಲ್ಲಿ ಮಾಡಿಕೊಟ್ಟಿತು. ಹರಳು ಬಾಗುವುದಿಲ್ಲವಾದ್ದರಿಂದ ಅದನ್ನು ಮೆಟ್ಟಿ ನಡೆಯಲಾಗದು. ಲಿಲಿ ಜೇಮ್ಸ್ ಚರ್ಮದ ಪಾದರಕ್ಷೆ ಹಾಕಿಕೊಂಡು ನಟಿಸಿದರು, ಅದನ್ನು ನಂತರ ಕಂಪ್ಯೂಟರಿನಲ್ಲಿ ಗಾಜಾಗಿ ಬದಲಿಸಲಾಯಿತು.

ಸಾರೋಟಿನ ದೃಶ್ಯದಲ್ಲೂ ಹೀಗೇ ಕೈಕೆಲಸ ಮತ್ತು ಗ್ರಾಫಿಕ್ಸ್ ಜೊತೆಗೂಡಿವೆ. ಕುಂಬಳಕಾಯಿ ಉಬ್ಬುವುದು, ಇಲಿಯ ಕಿವಿ ಕುದುರೆಯ ಕಿವಿಯಾಗುವುದು ಕಂಪ್ಯೂಟರಿನದು, ಓಡುವ ಸಾರೋಟು ನಿಜವಾದದ್ದು. ನಡುರಾತ್ರಿಯ ಗಂಟೆ ಹೊಡೆದಾಗ ಸಾರಥಿಯಾಗಿದ್ದ ಹೆಬ್ಬಾತು ಮೂಲರೂಪಕ್ಕೆ ಮರಳುವ ಓಟ ಚಿತ್ರದ ಅತ್ಯಂತ ಉಲ್ಲಾಸದ ಭಾಗ. ನಿರ್ಜೀವ ವಸ್ತುಗಳು ಮಾತಾಡಬೇಕಾದ, ಪ್ರಾಣಿಗಳೇ ಪಾತ್ರಗಳಾದ ಕಥೆಗಳಲ್ಲಿ ಗ್ರಾಫಿಕ್ಸ್ ಇಡೀ ಚಿತ್ರವನ್ನು ಆಕ್ರಮಿಸಿಬಿಡುತ್ತದೆ. ‘ಸಿಂಡ್ರೆಲಾ’ದಲ್ಲಿ ಅದು ಬೇಕಾದಷ್ಟು ಬಂದು ಹಿಂದೆ ಸರಿಯುವುದರಿಂದ ನಟರ ಮುಖಗಳಿಗೆ ಜಾಗ ಉಳಿದಿದೆ.

ಬಿಡುಗಡೆ ಮತ್ತು ಚರ್ಚೆ

ಚಿತ್ರ 2015ರ ಫೆಬ್ರವರಿಯಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಮೊದಲು ಪ್ರದರ್ಶನಗೊಂಡು ಮಾರ್ಚ್ 13ರಂದು ಅಮೆರಿಕದಲ್ಲಿ ತೆರೆಕಂಡಿತು. ಸುಮಾರು 9.5 ಕೋಟಿ ಡಾಲರ್ ವೆಚ್ಚದ ಚಿತ್ರ ಜಗತ್ತಿನಾದ್ಯಂತ 54 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ‘ಜಂಗಲ್ ಬುಕ್’ (2016), ‘ಬ್ಯೂಟಿ ಆ್ಯಂಡ್ ದ ಬೀಸ್ಟ್’ (2017), ‘ಅಲ್ಲಾದೀನ್’ (2019), ‘ಲಿಟಲ್ ಮರ್ಮೇಯ್ಡ್’ (2023), ‘ಸ್ನೋ ವೈಟ್’ (2025) ಇದರ ಬೆನ್ನಿಗೆ ಬಂದವು.

ಆಕ್ಷೇಪಗಳೂ ಎದ್ದವು. ಗೌನಿನಲ್ಲಿ ನಾಯಕಿಯ ಸೊಂಟ ಅತಿ ಸಣ್ಣಗೆ ಕಾಣುವುದು ಬೆಳೆಯುವ ಹುಡುಗಿಯರಿಗೆ ತಪ್ಪು ಮಾದರಿಯಾದೀತು ಎಂಬುದು ಒಂದು. ಅನ್ಯಾಯವನ್ನು ಸಹಿಸುವುದೇ ಗುಣವೆಂದು ಕಥೆ ಕಲಿಸುತ್ತದೆಯೇ ಎಂಬುದು ಇನ್ನೊಂದು. ಎರಡನೆಯದು ಹೆಚ್ಚು ಆಳದ್ದು. ಅಟ್ಟದ ದೃಶ್ಯದಲ್ಲಿ ಚಿತ್ರ ಅದಕ್ಕೆ ಉತ್ತರಿಸಲು ಯತ್ನಿಸುತ್ತದೆ. ಗಾಜಿನ ಪಾದರಕ್ಷೆ ಕೈಗೆ ಸಿಕ್ಕ ಮಲತಾಯಿ, ರಾಜಕುಮಾರನನ್ನು ತನ್ನ ಹಿಡಿತದಲ್ಲಿಡಲು ನೆರವಾದರೆ ಬಿಡುಗಡೆ ಎಂಬ ಷರತ್ತು ಒಡ್ಡುತ್ತಾಳೆ. ತಂದೆಯನ್ನು ಅವಳಿಂದ ಕಾಪಾಡಲು ಆಗಲಿಲ್ಲ, ಆದರೆ ರಾಜಕುಮಾರನನ್ನೂ ನಾಡನ್ನೂ ಅವಳ ಕೈಗೆ ಒಪ್ಪಿಸುವುದಿಲ್ಲ ಎಂದು ಎಲ್ಲಾ ನಿರಾಕರಿಸುತ್ತಾಳೆ. ಸಹನೆಗೆ ಎಲ್ಲಿ ಮಿತಿ ಎಂಬುದನ್ನು ಅವಳೇ ಗೊತ್ತುಮಾಡುತ್ತಾಳೆ.

ಕನ್ನಡದ ಹಂಚಿ

ಕನ್ನಡಕ್ಕೂ ತನ್ನದೇ ಸಿಂಡ್ರೆಲಾ ಇದ್ದಾಳೆ. ಉತ್ತರ ಕರ್ನಾಟಕದಲ್ಲಿ ಮೇಷ್ಟರಾಗಿದ್ದಾಗಿನಿಂದ ಅಜ್ಜಿಕಥೆಗಳನ್ನು ಸಂಗ್ರಹಿಸಿದ ಎ. ಕೆ. ರಾಮಾನುಜನ್ ‘ಹಂಚಿ’ ಎಂಬ ಕಥೆಯನ್ನು ಇಂಗ್ಲಿಷಿಗೆ ತಂದು ವಿವರಿಸಿದ ಬರಹ, ಅಲನ್ ಡಂಡೆಸ್ 1982ರಲ್ಲಿ ಸಂಪಾದಿಸಿದ ಸಿಂಡ್ರೆಲಾ ಅಧ್ಯಯನ ಗ್ರಂಥದಲ್ಲಿ ಸೇರಿದೆ.

ಹಂಚಿಗೆ ಚಿನ್ನದ ಕೂದಲು. ಒಡಹುಟ್ಟಿದ ಅಣ್ಣನ ಕಣ್ಣೇ ಅವಳ ಮೇಲೆ ಬಿದ್ದಾಗ ತಾಯಿ ಅವಳ ಚೆಲುವನ್ನು ಮಣ್ಣಿನ ಮುಖವಾಡದಲ್ಲಿ ಮುಚ್ಚಿ ಮನೆಯಿಂದ ಕಳಿಸುತ್ತಾಳೆ. ಅವಳು ಸಾಹುಕಾರನೊಬ್ಬನ ಮನೆಯಲ್ಲಿ ಅಡುಗೆ ಮಾಡಿಕೊಂಡಿರುತ್ತಾಳೆ. ಮನೆಯವರೆಲ್ಲ ತೋಟಕ್ಕೆ ಹೋದ ಹೊತ್ತಿನಲ್ಲಿ ಮುಖವಾಡ ತೆಗೆದು ಸ್ನಾನ ಮಾಡುವಾಗ ಕಿರಿಯ ಮಗ ಅವಳ ನಿಜರೂಪ ಕಂಡು ಮದುವೆಯಾಗುತ್ತಾನೆ. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮನೆಗೆ ಬರುವ ಗುರುಸ್ವಾಮಿ ಅವಳನ್ನು ಬಯಸಿ, ಮಾಟ ಮಾಡಿ ಸೋತು, ಕೊನೆಗೆ ಅವಳ ನಡತೆಯ ಮೇಲೆ ಅಪವಾದ ಹೊರಿಸುತ್ತಾನೆ. ಅವಳನ್ನು ಪೆಟ್ಟಿಗೆಯಲ್ಲಿಟ್ಟು ಅವನಿಗೆ ಒಪ್ಪಿಸುತ್ತಾರೆ. ಹಿಂದೆ ಆಸರೆ ಕೊಟ್ಟಿದ್ದ ಮುದುಕಿ ಅವಳನ್ನು ಪಾರುಮಾಡಿ, ಪೆಟ್ಟಿಗೆಯಲ್ಲಿ ಹುಚ್ಚುನಾಯಿಗಳನ್ನು ತುಂಬಿಡುತ್ತಾಳೆ. ಗುರುಸ್ವಾಮಿ ಪೆಟ್ಟಿಗೆ ತೆರೆದಾಗ ಅವು ಅವನ ಮೇಲೆ ಎರಗುತ್ತವೆ.

ಇಲ್ಲಿ ಪಾದರಕ್ಷೆ ಇಲ್ಲ, ಮಲತಾಯಿಯೂ ಇಲ್ಲ. ಅಪಾಯ ಬರುವುದು ಒಡಹುಟ್ಟಿದವನಿಂದ, ಪೂಜಿಸಿಕೊಳ್ಳುವ ಗುರುವಿನಿಂದ. ಯೂರೋಪಿನ ಕಥೆ ಮದುವೆಗೆ ಮುಗಿದರೆ ಕನ್ನಡದ ಹೆಂಗಸರು ಹೇಳಿಕೊಂಡು ಬಂದ ಈ ಕಥೆಗೆ ಮದುವೆಯ ನಂತರದ ಕಷ್ಟವೂ ಗೊತ್ತು. ಹಂಚಿಯನ್ನು ಬಲ್ಲವರು 2015ರ ಚಿತ್ರ ನೋಡಿದರೆ, ಕಿಟ್ ಎಷ್ಟೇ ಒಳ್ಳೆಯವನಾದರೂ ಎಲ್ಲಾಳ ಮುಂದಿನ ದಿನಗಳು ಹೇಗಿದ್ದಾವು ಎಂಬ ಪ್ರಶ್ನೆ ಏಳುವುದು ಸಹಜ.

ಮಕ್ಕಳೊಡನೆ ನೋಡುವವರಿಗೆ

ಸುಮಾರು ಒಂದೂಮುಕ್ಕಾಲು ಗಂಟೆಯ ಈ ಚಿತ್ರದಲ್ಲಿ ಹಿಂಸೆಯ ದೃಶ್ಯಗಳಿಲ್ಲ. ಆದರೆ ಮೊದಲ ಭಾಗದಲ್ಲೇ ತಾಯಿ–ತಂದೆ ಇಬ್ಬರೂ ಸಾಯುತ್ತಾರೆ. ತೀರಾ ಎಳೆಯ ಮಕ್ಕಳಿಗೆ ಅದನ್ನು ಮೊದಲೇ ತಿಳಿಸಿ ಪಕ್ಕದಲ್ಲಿ ಕೂರುವುದು ಒಳ್ಳೆಯದು. 1950ರ ಕಾರ್ಟೂನನ್ನು ಮೊದಲು ತೋರಿಸಿ, ಕೆಲವು ದಿನ ಬಿಟ್ಟು ಇದನ್ನು ತೋರಿಸಿದರೆ ಮಕ್ಕಳೇ ವ್ಯತ್ಯಾಸಗಳನ್ನು ಗುರುತಿಸುತ್ತಾರೆ. ನೀನಾಗಿದ್ದರೆ ಮಲತಾಯಿಯನ್ನು ಕ್ಷಮಿಸುತ್ತಿದ್ದೆಯಾ ಎಂದು ಕೇಳಬಹುದು. ಅಣ್ಣ ಮತ್ತು ಗುರುಸ್ವಾಮಿಯ ಪ್ರಸಂಗಗಳನ್ನು ಅರ್ಥಮಾಡಿಕೊಳ್ಳುವಷ್ಟು ದೊಡ್ಡವರಾದಾಗ ಹಂಚಿಯ ಕಥೆಯನ್ನೂ ಹೇಳಬೇಕು.

ರಿಮೇಕ್ ಬಂದಾಗಲೆಲ್ಲ ಮೂಲ ಕೆಟ್ಟಿತು ಎಂಬ ದೂರು ಏಳುತ್ತದೆ. ಸಿಂಡ್ರೆಲಾಳ ವಿಷಯದಲ್ಲಿ ಕೆಡಿಸಲು ಒಂದು ಮೂಲವೆಂಬುದೇ ಇಲ್ಲ. ಪೆರೊ, ಗ್ರಿಮ್ ಸಹೋದರರು, ಡಿಸ್ನಿ, ಬ್ರಾನಾ, ಹಂಚಿಯ ಕಥೆ ಹೇಳಿದ ನಮ್ಮ ಅಜ್ಜಿಯರು ಎಲ್ಲರೂ ಕೇಳಿದ ಕಥೆಯನ್ನು ತಮ್ಮ ಕಾಲದ ಸಂಕಟಕ್ಕೆ ತಕ್ಕಂತೆ ತಿದ್ದಿ ಹೇಳಿದವರೇ. ಹೊಸ ಚಿತ್ರವೊಂದು ಬಂದಾಗ ಅದು ಹಳೆಯದಕ್ಕೆ ಎಷ್ಟು ಹೋಲುತ್ತದೆ ಎಂದು ಅಳೆಯುವುದಕ್ಕಿಂತ, ಈ ಕಾಲದ ಹುಡುಗಿಯೊಬ್ಬಳ ಯಾವ ಪ್ರಶ್ನೆಗೆ ಅದು ಪ್ರಾಮಾಣಿಕವಾಗಿ ಉತ್ತರಿಸಿದೆ ಎಂದು ಕೇಳುವುದೇ ಸರಿಯಾದ ಅಳತೆ.